ಹೆಸರಿಲ್ಲದ ಅಮಾಸಿಯ ಅಳತಿ

ಹೋದ ವಾರ ರಾಮದುರ್ಗಕ್ಕೆ ಹೊರಟವಳು ಯರಗಟ್ಟಿ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಲು ನಿಂತಿದ್ದೆ. ಆಗಷ್ಟೇ ಒಂದು ಮಳೆ ಹೊಯ್ದು ಹೋಗಿತ್ತು. ಹಸಿ ಶೇಂಗಾ ಬಳ್ಳಿ ಹೇರಿಕೊಂಡ ಟ್ರ್ಯಾಕ್ಟರೊಂದು ಮುಂದೆ ಹಾದು ಹೋಯಿತು ನೋಡ್ರಿ, ಬೇರಿಗೆ ಅಂಟಿದ ಕಪ್ಪು ಎರಿಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಬಸ್ಸು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ನಾನು ಎರಡು ಸಾವಿರದ ಎಂಟರ ಮಳೆಗಾಲದಲ್ಲಿ, ಬೈಲಹೊಂಗಲದಲ್ಲಿ, ಶಶಿಕಲಾಳ ಮನೆಯ ಪಡಸಾಲೆಯಲ್ಲಿದ್ದೆ.

ಶಶಿಕಲಾ ನಮ್ಮ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದಳು, ನಾನು ಕನ್ನಡ. ವಯಸ್ಸಿನಲ್ಲಿ ನನಗಿಂತ ಬಹಳ ಸಣ್ಣವಳು. ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದಳು, ನಾನು ‘ಶಶಿ’ ಎನ್ನುತ್ತಿದ್ದೆ. ಧಾರವಾಡದಲ್ಲಿ ಪಿಎಚ್‌ಡಿಗೆ ಹೆಸರು ಹಚ್ಚಿದ್ದಳು. ವಿಷಯ, ನಮ್ಮ ಸೀಮೆಯ ತೆರೆದ ಬಾವಿಗಳ ನೀರು. ಮಲಪ್ರಭೆ ಹರಿಯುವ ದಿಕ್ಕಿಗೇ ನಾಲ್ಕು ಬಾವಿ ಆರಿಸಿಕೊಂಡಿದ್ದಳು. ಪಡುವಣಕ್ಕೆ ಕಿತ್ತೂರಿನದು, ಆಮೇಲೆ ಬೈಲಹೊಂಗಲದ್ದು, ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಸವದತ್ತಿಯದು, ಕಡೆಗೆ ಮೂಡಣಕ್ಕೆ ರಾಮದುರ್ಗದ್ದು.

ಪ್ರತಿ ಅಮಾಸಿಗೊಮ್ಮೆ ಈ ನಾಲ್ಕೂ ಬಾವಿಗಳ ಅಳತೆ. ಅಮಾಸಿಯೇ ಯಾಕೆ ಅಂತ ನಾನೂ ಮೊದಲು ಕೇಳಿದ್ದೆ. ನಮ್ಮ ಕಡೆ ಅಮಾಸಿಗೆ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಪಂಪಿನ ಬಟನ್ ಒತ್ತುವುದಿಲ್ಲ. ಎತ್ತಿನ ಹಾಗೆ ಬಾವಿಗೂ ಅವತ್ತು ಸೂಟಿ. ಯಾರೂ ಎತ್ತದೆ ಸುಮ್ಮನೆ ನಿಂತ ನೀರನ್ನು ಅಳೆದರೆ ಮಾತ್ರ ಅದರ ಖರೇ ಮಟ್ಟ ಸಿಗುತ್ತದೆ. ಬಾವಿಯ ಮನೆಯವರು ಗುಂಡು ಕಟ್ಟಿದ ಟೇಪು ಇಳಿಬಿಟ್ಟು, ದಂಡೆಯಿಂದ ನೀರಿಗೆ ಎಷ್ಟು ಆಳ ಅಂತ ನೋಡಿ, ಸಂಜೆಗೆ ಫೋನ್ ಮಾಡಿ ಹೇಳುವರು. ಶಶಿ ಅದನ್ನು ಆ ಊರಿನ ಫೈಲಿನಲ್ಲಿ ಹಿಂದಿನ ಅಂಕಿಯ ಕೆಳಗೆ ಟೈಪ್ ಮಾಡಿಡುವಳು. ಅಷ್ಟೇ. ಅಂಕಿಯ ಕೆಳಗೆ ಅಂಕಿ, ಅಂಕಿಯ ಕೆಳಗೆ ಅಂಕಿ.

ಅದರ ಹಿಂದಿನ ವರ್ಷ, ನಾಗರ ಅಮಾಸಿಗೆ, ಶಶಿ ನನ್ನನ್ನೂ ರಾಮದುರ್ಗದ ಬಾವಿಗೆ ಕರೆದುಕೊಂಡು ಹೋಗಿದ್ದಳು. ಬಾವಿಯ ಮನೆಯಾಕೆ ಗೌರವ್ವ. ಎತ್ತರದ ಹೆಂಗಸು, ಮಾತು ಅದಕ್ಕಿಂತ ಎತ್ತರ. ಪಾವಟಿಗೆಯ ಮೆಟ್ಟಿಲು ಇಳಿಯಲು ನಾನು ಹೆದರುತ್ತಿದ್ದದ್ದು ಕಂಡು ಅಲ್ಲಿಂದಲೇ ಕೂಗಿದಳು.

“ಬರ್ರಿ ಅಕ್ಕಾರ, ಏನ ಅಂಜತೀರಿ? ಇವತ್ತ ನಾಗಪ್ಪಗೂ ಸೂಟಿ ಐತಿ!”

“ಸೂಟಿ ಇದ್ದಾಗನ ತಿರಗ್ಯಾಡಾಕ ಬರತಾವವ್ವಾ ಅವು,” ಅಂದೆ.

ಇಳಿಯುವ ಪ್ರಸಂಗವೇ ಬರಲಿಲ್ಲ. ನೀರು ಮೇಲಿನ ಪಾವಟಿಗೆಗೇ ಬಂದು ನಿಂತಿತ್ತು. ಗೌರವ್ವ ದಂಡೆಯ ಮೇಲೆ ಕುಂತಲ್ಲೇ ಬಗ್ಗಿ ಕೊಡ ಅದ್ದಿ ತೆಗೆದಳು. ಟೇಪು ಇಳಿಬಿಡಲು ಜಾಗವೇ ಇಲ್ಲವಲ್ಲ ಅಂತ ಮೂವರೂ ನಕ್ಕೆವು. ಆಮೇಲೆ ಕುಚ್ಚಗಡಬು, ತುಪ್ಪ. ಉಂಡ ಮೇಲೆ ಬೇವಿನ ಗಿಡದ ಜೋಕಾಲಿಯಲ್ಲಿ ನನ್ನನ್ನು ಕುಂಡರಿಸಿ ಗೌರವ್ವ ಜೀಕಿದಳು.

ಇರಲಿ, ಎಂಟರ ಮಳೆಗಾಲಕ್ಕೆ ಬರುತ್ತೇನೆ. ಆ ವರ್ಷ ದೀಪಾವಳಿಯೊಳಗೆ ಪ್ರಬಂಧ ಕೊಡದಿದ್ದರೆ ಶಶಿಯ ನೋಂದಣಿ ರದ್ದಾಗುತ್ತಿತ್ತು. ಅವಧಿ ಒಮ್ಮೆ ಬೆಳೆಸಿ ಕೊಟ್ಟಾಗಿತ್ತು, ಇನ್ನೊಮ್ಮೆ ಕೊಡುವ ಹಾಗಿರಲಿಲ್ಲ. ಪ್ರಬಂಧ ಕನ್ನಡದಲ್ಲಿತ್ತಾದ್ದರಿಂದ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜು ಮುಗಿಸಿ ಕೊಡೆ ಹಿಡಿದು ಆಕೆಯ ಮನೆಗೆ ಹೋಗುವೆ. ಶಶಿಯ ಅತ್ತೆ ಚಹಾ ಇಡುವರು. ಕರೆಂಟು ಇದ್ದಷ್ಟು ಹೊತ್ತು ಕೆಲಸ, ಹೋದರೆ ಹರಟೆ. ಸತ್ಯ ಹೇಳಬೇಕೆಂದರೆ ಕರೆಂಟು ಹೋಗಲಿ ಅಂತ ನಾನೂ ಆಕೆಯ ಅತ್ತೆಯೂ ಕಾಯುತ್ತಿದ್ದೆವು.

ಶಶಿ ಬೇಸಿಗೆ ಸೂಟಿಯಲ್ಲಿ ಧಾರವಾಡಕ್ಕೆ ಹೋಗಿ ಪೈಥಾನ್ ಎಂಬ ಕಂಪ್ಯೂಟರಿನ ಭಾಷೆ ಕಲಿತು ಬಂದಿದ್ದಳು. ಅಂಕಿ ಕೊಟ್ಟರೆ ಅದು ಗೆರೆ ಎಳೆದು ನಕ್ಷೆ ಬರೆದುಕೊಡುತ್ತದೆ. ಗೆರೆಗಳೇನೋ ಮುದ್ದಾಗಿ ಬಂದವು, ಆದರೆ ಕನ್ನಡ ಅಕ್ಷರ ಬರೆಯಲು ಅದಕ್ಕೆ ಬರುತ್ತಿರಲಿಲ್ಲ. ‘ಕಿತ್ತೂರು’ ಅಂತ ಬರೆಸಿದರೆ ಒತ್ತು ಕೆಳಗೆ ಕೂಡದೆ ಪಕ್ಕಕ್ಕೆ ಸರಿದು ನಿಂತಿತು. ಶಶಿಯ ಅತ್ತೆ ಚಹಾ ಕೊಡಲು ಬಂದವರು ಕನ್ನಡಕ ಏರಿಸಿ ನೋಡಿದರು.

“ಇದೇನ ಶಶಿ, ಅಕ್ಷರದ ಕಾಲ ಮುರದಾವಲ್ಲ?”

“ಮುರದಾವರಿ ಅತ್ತಿ. ಅದಕ್ಕ ಡಾಕ್ಟರ್ ಆಗಾಕ ಹತ್ತೇನಿ ನಾ.”

ಮೊದಲು ನಕ್ಷೆಯನ್ನು ಫೋಟೋದ ಹಾಗೆ ಮಾಡಿ, ಮೇಲೆ ಕನ್ನಡ ಹೆಸರು ಅಂಟಿಸಿ, ಪುಟದಲ್ಲಿ ಕೂಡಿಸಿದಳು. ಮುದ್ರಿಸಿದಾಗ ಮಂಜು ಕವಿದ ಹಾಗೆ ಕಂಡಿತು. ಧಾರವಾಡದ ಗೈಡ್ ಸರ್ ಒಂದೇ ನೋಟಕ್ಕೆ ಹಿಂದಕ್ಕೆ ಕೊಟ್ಟರು. ಆಗ ಶಶಿ ಬೇರೆ ದಾರಿ ಹಿಡಿದಳು. ಆಕೆಯ ಪ್ರಬಂಧವೆಲ್ಲ ಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ ಟೈಪಾಗುತ್ತಿತ್ತು, ಅದಕ್ಕೆ ಕನ್ನಡದ ಒತ್ತಕ್ಷರ ಸರಿಯಾಗಿ ಬರುತ್ತಿತ್ತು. ಹಾಗಾಗಿ ಪೈಥಾನ್ ಲೆಕ್ಕ ಮಾಡಲಿ, ಚಿತ್ರ ಬರೆಯುವುದು ಬೇಡ. ಯಾವ ಚುಕ್ಕೆ ಎಲ್ಲಿ ಅಂತ ಸಣ್ಣ ಸಣ್ಣ ಫೈಲುಗಳಲ್ಲಿ ಬರೆದಿಡಲಿ. ಆ ಫೈಲು ಓದಿ ಗೆರೆ ಎಳೆಯುವುದು, ಹೆಸರು ಬರೆಯುವುದು ಲೇಟೆಕ್ಕಿನ ಕೆಲಸ.

ನನಗೆ ತಿಳಿಯಲಿಲ್ಲ. ಶಶಿ ತಿಳಿಸಿ ಹೇಳಿದಳು. “ಅಕ್ಕಾರ, ಮೊದಲ ಮನ್ಯಾಗ ರೊಟ್ಟಿ ಬಡದು ಬುತ್ತಿ ಕಟ್ಟಿ ಕಳಸತಿದ್ದೆ. ಅಲ್ಲಿ ಮುಟ್ಟೂದ್ರಾಗ ಬಿರುಸಾಗತಿತ್ತು. ಈಗ ಹಿಟ್ಟ ಕಳಸತೇನಿ, ರೊಟ್ಟಿ ಅಲ್ಲೇ ಬಡೀತಾರ. ಬಿಸಿದೂ ಬಿಸಿದು.”

ಹೊಸ ಪದ್ಧತಿಯಲ್ಲಿ ‘ಕಿತ್ತೂರು’ ನೆಟ್ಟಗೆ ನಿಂತ ದಿವಸ ಶಶಿಯ ಅತ್ತೆ ಸಿಹಿ ಸಜ್ಜಕ ಮಾಡಿದರು.

ಹಿಟ್ಟಿನ ಡಬ್ಬಿಗಳದ್ದೇ ಮತ್ತೊಂದು ರಗಳೆ. ಅಂಕಿ ತಿದ್ದಿದಾಗಲೆಲ್ಲ ಶಶಿ ಹೊಸ ಫೈಲು ಮಾಡುತ್ತಿದ್ದಳು. ‘ಬಾವಿ’ ಅಂತ ಒಂದು, ‘ಬಾವಿ ಹೊಸಾದು’ ಅಂತ ಒಂದು, ‘ಬಾವಿ ಕಡೇದು’, ಅದರ ಮೇಲೆ ‘ಬಾವಿ ಖರೇನ ಕಡೇದು’. ನಾನು ನೋಡಿ ಹೊಟ್ಟೆ ಹಿಡಿದು ನಕ್ಕೆ.

“ಹೆಣ್ಣ ಸಾಕು ಅಂತ ಸಾಕವ್ವ ಅಂತ ಹೆಸರಿಟ್ಟ ಮ್ಯಾಲೂ ಮತ್ತೊಂದು ಹೆಣ್ಣ ಹುಟ್ಟಿದಂಗಾತಲ್ಲ ಶಶಿ ಇದು!”

ಆಕೆಗೂ ನಗು ತಡೆಯಲಾಗಲಿಲ್ಲ. ಅವತ್ತೇ ಎಲ್ಲ ತೆಗೆದು ಒಂದೇ ಫೋಲ್ಡರ್ ಮಾಡಿದಳು. ಅದರಲ್ಲಿ ಊರಿಗೊಂದು ಫೈಲು. ಅಂಕಿ ತಿದ್ದುವುದಿದ್ದರೆ ಅಲ್ಲಿ ಮಾತ್ರ ತಿದ್ದಬೇಕು, ಬೇರೆಲ್ಲೂ ಕೈ ಹಚ್ಚುವ ಹಾಗಿಲ್ಲ. ಅಲ್ಲಿ ಒಂದು ಅಂಕಿ ಬದಲಾದರೆ, ಪೈಥಾನ್ ಒಮ್ಮೆ, ಲೇಟೆಕ್ ಒಮ್ಮೆ ಓಡಿಸಿದರೆ ಸಾಕು, ಆ ಅಂಕಿ ಇರುವ ಚಿತ್ರಗಳೆಲ್ಲ ತಾವೇ ಬದಲಾಗುತ್ತಿದ್ದವು.

ನಾಲ್ಕೂ ಊರಿನ ಗೆರೆ ಒಂದೇ ಚಿತ್ರದಲ್ಲಿ ಬಂದಾಗ ನೋಡಲು ಎರಡು ಕಣ್ಣು ಸಾಲಲಿಲ್ಲ. ಮಳೆಗಾಲಕ್ಕೆ ಏರಿ ಬೇಸಿಗೆಗೆ ಇಳಿಯುವ ನಾಲ್ಕು ಅಲೆ. ಮೊದಲ ವರ್ಷ ನಾಲ್ಕೂ ಒತ್ತೊತ್ತಾಗಿದ್ದವು. ಎರಡನೆಯ ವರ್ಷದಿಂದ ರಾಮದುರ್ಗದ ಅಲೆ ಮಾತ್ರ ಉಳಿದ ಮೂರಕ್ಕಿಂತ ಒಂದು ಹೆಜ್ಜೆ ತಡವಾಗಿ ಏಳುತ್ತಿತ್ತು. ಅಷ್ಟೇ ಅಲ್ಲ, ಕಡೆಗೆ ಉಳಿದ ಮೂರು ನಿಂತ ಮೇಲೂ ಅದು ಒಂದು ಚುಕ್ಕೆಯಷ್ಟು ಮುಂದೆ ಚಾಚಿತ್ತು. ಅದಕ್ಕೆ ‘ರಾಮದುರ್ಗದ ಬಾಲ’ ಅಂತ ನಾನೇ ಹೆಸರಿಟ್ಟಿದ್ದೆ. “ಗೌರವ್ವನ ಬಾವಿ ಅಲ್ಲೇನು? ಒಂದ ಮಾತ ಜಾಸ್ತಿನ,” ಅಂತ ನಗುತ್ತಿದ್ದೆವು.

ಆ ಒಂದು ಹೆಜ್ಜೆಯ ತಡದ ಮೇಲೆ ಶಶಿ ಐದನೆಯ ಅಧ್ಯಾಯ ಬರೆದಿದ್ದಳು. ಪಡುವಣದ ನೀರು ನೆಲದೊಳಗೇ ಹರಿದು ಮೂಡಣದ ಬಾವಿ ಮುಟ್ಟಲು ಒಂದು ಅಮಾಸಿಯಷ್ಟು ಹೊತ್ತು ಬೇಕು. ಎರಡನೆಯ ವರ್ಷದ ಒಳ್ಳೆಯ ಮಳೆ ಆ ಒಳದಾರಿ ತೆರೆದಿರಬೇಕು. ಹೀಗೆ ಸಾಗುತ್ತಿತ್ತು ಆಕೆಯ ವಾದ. ಓದಲು ಅಷ್ಟು ಸೊಗಸಾಗಿತ್ತೆಂದರೆ, ತಿದ್ದುವವಳು ಪೆನ್ನು ಕೆಳಗಿಟ್ಟು ಓದಿದ್ದೆ. ಗೈಡ್ ಸರ್ ಅಂತೂ, “ಶಶಿಕಲಾ, ಉಳದ ನಾಲ್ಕ ಅಧ್ಯಾಯ ಗುಡಿ ಆದ್ರ ಇದು ಕಳಸ,” ಅಂದಿದ್ದರಂತೆ. ಒಂದೇ ಒಂದು ತಕರಾರು ತೆಗೆದಿದ್ದರು. “ಚಿತ್ರದ ಕೆಳಗ ಒಂದು, ಎರಡು, ಮೂರು ಅಂತ ಹಾಕೀದಿ. ಓದವರಿಗೆ ಏನ ತಿಳೀಬೇಕು? ಅಮಾಸಿ ಹೆಸರ ಹಾಕು.”

ಮಾನವಮಿಗೆ, ಅಂದರೆ ಮಹಾನವಮಿಗೆ, ಇನ್ನೂ ಹದಿನೈದು ದಿವಸ ಇರಬೇಕು. ಹೊರಗೆ ಜಿಟಿಜಿಟಿ ಮಳೆ. ಅಮಾಸಿಗಳ ಹೆಸರು ನಾನು ಹೇಳುವುದು, ಶಶಿ ಟೈಪ್ ಮಾಡುವುದು. ನಮ್ಮ ಅಮ್ಮ, ಅಂದರೆ ನನ್ನ ತಂದೆಯ ತಾಯಿ, ಬೀಸುವಾಗ ಹೇಳುತ್ತಿದ್ದ ಸಾಲು ನನಗೆ ಬಾಯಿಪಾಠ. ಯುಗಾದಿ ಅಮಾಸಿ, ಬಾದಾಮಿ ಅಮಾಸಿ, ಮಣ್ಣೆತ್ತಿನ ಅಮಾಸಿ, ನಾಗರ ಅಮಾಸಿ, ಬೆನಕನ ಅಮಾಸಿ, ಹಟ್ಟಿ ಅಮಾಸಿ, ಎಳ್ಳಮಾಸಿ... ಹಾಡಿದ ಹಾಗೆ ಹೇಳುತ್ತ ಹೋದೆ. ನಡುವೆ ಬಿಟ್ಟದ್ದನ್ನು ಶಶಿಯ ಅತ್ತೆ ಒಳಗಿನಿಂದಲೇ ತುಂಬಿದರು.

ಹೆಸರು ಮುಗಿದವು. ರಾಮದುರ್ಗದ ಬಾಲದ ಚುಕ್ಕೆಯ ಕೆಳಗೆ ಮಾತ್ರ ಹೆಸರಿರಲಿಲ್ಲ.

“ಇನ್ನೊಂದ ಹೇಳ್ರಿ ಅಕ್ಕಾರ.”

“ಇನ್ನೊಂದ ಎಲ್ಲಿಂದ ತರಲೆವ್ವಾ? ಅದು ಇನ್ನೂ ಬಂದಿಲ್ಲ. ಮಾನವಮಿ ಅಮಾಸಿ ಬರೂದು ಮುಂದಿನ ವಾರ.”

ಇನ್ನೂ ಬಾರದ ಅಮಾಸಿಯ ನೀರನ್ನು ಗೌರವ್ವ ಹೇಗೆ ಅಳೆದಾಳು? ನಾನು ಆ ಚಿಂತೆ ಮಾಡುತ್ತಲೇ ಚಿತ್ರದ ಹಿಂದಿನ ಭಾಗ ನೋಡುತ್ತಿದ್ದೆ. ಹೋದ ವರ್ಷದ ‘ನಾಗರ ಅಮಾಸಿ’ ಅಂತ ಬರೆದಲ್ಲಿ ರಾಮದುರ್ಗದ ಗೆರೆ ಇನ್ನೂ ಅರ್ಧಕ್ಕೇ ಇತ್ತು.

“ಶಶಿ, ಅವತ್ತು ನಾವು ಅಲ್ಲೇ ಇದ್ವಿ. ಗೌರವ್ವ ಕುಂತಲ್ಲೇ ಕೊಡ ಅದ್ದಿದ್ದಳು. ಬಾವಿ ತುಂಬಿತ್ತಲ್ಲ?”

ಆಕೆ ನಾಲ್ಕೂ ಗೆರೆಗಳ ಚುಕ್ಕೆಗಳನ್ನು ಎಣಿಸಿ ನೋಡಿ, “ಹೋದ ವರ್ಷ ಅಧಿಕ ಮಾಸ ಬಂದಿತ್ತೇನ್ರಿ ಅಕ್ಕಾರ?” ಅಂದಳು.

ಬಂದಿತ್ತು. ಬಾದಾಮಿ ಅಮಾಸಿ ಮುಗಿದು ಮಣ್ಣೆತ್ತಿನ ಅಮಾಸಿ ಬರುವ ನಡುವೆ, ಯಾವ ಹೆಸರೂ ಇಲ್ಲದ ಒಂದು ಅಮಾಸಿ ಹಾದು ಹೋಗಿತ್ತು.

ಶಶಿ ಅಲ್ಲಿಯೇ ಗೌರವ್ವನಿಗೆ ಫೋನ್ ಹಚ್ಚಿದಳು. ಆಕೆಯ ದನಿ ನನಗೂ ಕೇಳುತ್ತಿತ್ತು. ಗೌರವ್ವನಿಗೆ ಫೋನೇ ಬೇಕಿರಲಿಲ್ಲ, ರಾಮದುರ್ಗದಿಂದ ಕೂಗಿದ್ದರೂ ಕೇಳುತ್ತಿತ್ತು.

“ಅಧಿಕ ಮಾಸದ ಅಮಾಸಿಗೆ ಅಳದಿದ್ರೇನ್ರಿ ಗೌರವ್ವ?”

“ಅಳದಿದ್ನ್ಯಲ್ಲರಿ! ಎಲ್ಲಾ ಅಮಾಸಿಗೂ ಅಳೀಬೇಕು ಅಂತ ನೀವ ಹೇಳಿದ್ರಿ. ನಮ್ಮ ಕಡೆ ಆಗ ಮಳಿ ಎಲ್ಲಿತ್ತು? ಬಿತ್ತಿಗಿ ಇಲ್ಲ ಏನಿಲ್ಲ, ಖಾಲಿ ಕುಂತಿದ್ವಿ. ಯಾಕ್ರಿ, ತಪ್ಪಾತೇನ?”

“ಇಲ್ಲರಿ. ಬರೋಬ್ಬರಿ ಮಾಡೀರಿ.”

ಆಮೇಲೆ ಕಿತ್ತೂರಿಗೆ, ಸವದತ್ತಿಗೆ, ನಮ್ಮೂರಿನ ಬಾವಿಯವರಿಗೆ ಫೋನು. ಮೂರೂ ಕಡೆ ಒಂದೇ ಉತ್ತರ. ಆಗಷ್ಟೇ ಮಳೆ ಹಿಡಿದಿತ್ತು, ಹೊಲ ಹದಕ್ಕೆ ಬಂದಿತ್ತು. ಹೆಸರಿಲ್ಲದ ಅಮಾಸಿಗೆ ಯಾರು ಸೂಟಿ ಕೊಡುತ್ತಾರೆ? ಕೂರಿಗೆ ಹೂಡಿ ಬಿತ್ತಲು ಹೋಗಿದ್ದರು. ಬಾವಿಯ ಕಡೆ ಯಾರೂ ಹೋಗಿರಲಿಲ್ಲ. ಫೋನು ಬಾರದ್ದರಿಂದ ಶಶಿಯೂ ಏನೂ ಟೈಪ್ ಮಾಡಿರಲಿಲ್ಲ. ಗೌರವ್ವನ ಫೈಲಿನಲ್ಲಿ ಮಾತ್ರ ಒಂದು ಸಾಲು ಹೆಚ್ಚಿಗೆ ಕೂತಿತು. ಸಾಲು ಎಣಿಸಿ ಚುಕ್ಕೆ ಇಡುವ ಪೈಥಾನಿಗೆ ಪಂಚಾಂಗ ಎಲ್ಲಿ ಗೊತ್ತು? ಅಲ್ಲಿಂದ ಮುಂದೆ ರಾಮದುರ್ಗದ ಎಲ್ಲ ಚುಕ್ಕೆಗಳೂ ಒಂದೊಂದು ಮನೆ ಆಚೆ ಸರಿದಿದ್ದವು. ನೀರು ತಡವಾಗಿ ಮುಟ್ಟಿರಲಿಲ್ಲ. ನೆಲದೊಳಗೆ ಯಾವ ದಾರಿಯೂ ತೆರೆದಿರಲಿಲ್ಲ.

ದೀಪಾವಳಿಗೆ ತಿಂಗಳ ಮೇಲೆ ನಾಲ್ಕು ದಿವಸ ಉಳಿದಿದ್ದವೋ ಏನೋ. ಕಳಸವೇ ಹೋದರೆ ಆ ಗುಡಿಯನ್ನು ಯಾರು ಒಪ್ಪುತ್ತಾರೆ?

“ಅಕ್ಕಾರ,” ಅಂದಳು ಶಶಿ, ಪರದೆಯ ಮೇಲಿನ ಬಾಲಕ್ಕೆ ಬೆರಳು ಇಟ್ಟು. “ಈ ಕಡೇ ಚುಕ್ಕಿ ಒಂದ ತಗದ ಬಿಟ್ರ ಯಾರಿಗೂ ತಿಳಿಯೂದಿಲ್ಲ. ಅಧ್ಯಾಯ ಇದ್ದಂಗ ಇರತೈತಿ. ಸರ್ ಒಪ್ಪ್ಯಾರ.”

ಆಕೆ ಆ ಬಾವಿಗಳಿಗೆ ಎಷ್ಟು ಸಲ ಬಸ್ಸು ಹತ್ತಿ ಇಳಿದದ್ದು ಕಂಡವಳು ನಾನು. ಅಡಿಗೆಮನೆಯಿಂದ ಶಶಿಯ ಅತ್ತೆಯ ದನಿ ಬಂತು. “ಯಾವುದರ ಒಂದ ಮಾಡ್ರವಾ, ಚಾ ಆರಾಕ ಹತ್ತೈತಿ.”

ಶಶಿ ಚಹಾ ಕುಡಿದಳು. ಬಟ್ಟಲು ಕೆಳಗಿಟ್ಟು ಕಿತ್ತೂರಿನ ಫೈಲು ತೆರೆದಳು. ಗೌರವ್ವನ ಹೆಚ್ಚಿನ ಸಾಲು ಅಳಿಸಿದರೂ ಗೆರೆಗಳು ಸರಿ ಕೂಡುತ್ತಿದ್ದವು, ಅದು ಸುಲಭ ಕೂಡ. “ಅಳದದ್ದನ್ನ ಯಾಕ ಅಳಸೂದು?” ಅಂತ ತನಗೆ ತಾನೇ ಅನ್ನುತ್ತ, ಉಳಿದ ಮೂರು ಫೈಲುಗಳಲ್ಲಿ ಆ ಅಮಾಸಿಯ ಜಾಗಕ್ಕೆ ‘ಅಂಕಿ ಇಲ್ಲ’ ಎಂಬ ಗುರುತು ಹಾಕಿದಳು. ಪೈಥಾನ್ ಓಡಿಸಿದಳು, ಲೇಟೆಕ್ ಓಡಿಸಿದಳು.

ಚಿತ್ರ ಹೊಸದಾಗಿ ಬಂತು. ನಾಲ್ಕೂ ಅಲೆ ಒಂದೇ ಅಮಾಸಿಗೆ ಎದ್ದು, ಒಂದೇ ಅಮಾಸಿಗೆ ಇಳಿಯುತ್ತಿದ್ದವು. ಮೂರು ಗೆರೆ ಆ ಹೆಸರಿಲ್ಲದ ಅಮಾಸಿಯಲ್ಲಿ ತುಂಡಾಗಿ, ದಾಟಿ ಮತ್ತೆ ಶುರುವಾಗಿದ್ದವು. ರಾಮದುರ್ಗದ್ದೊಂದೇ ಅಖಂಡ. ಐದನೆಯ ಅಧ್ಯಾಯದ ಚಿತ್ರಗಳೆಲ್ಲ ನಾವು ನೋಡುನೋಡುತ್ತಲೇ ತಾವೇ ಬದಲಾದವು. ಕೆಳಗಿನ ಮಾತುಗಳು ಮಾತ್ರ ಹಳೆಯವೇ ಇದ್ದವು, ಈಗ ಸುಳ್ಳಾಗಿದ್ದವು. ಶಶಿ ಆ ಮಾತುಗಳನ್ನು ಒಂದೊಂದೇ ಪುಟ ಅಳಿಸಿದಳು. ಅಳಲಿಲ್ಲ. ಮೂಗು ಮಾತ್ರ ಸೆರಗಿನಿಂದ ಎರಡು ಸಲ ಒರೆಸಿಕೊಂಡಳು.

ಮಾರನೆಯ ದಿವಸ ಧಾರವಾಡಕ್ಕೆ ಇಬ್ಬರೂ ಹೋದೆವು. ಗೈಡ್ ಸರ್ ಹೊಸ ಚಿತ್ರ, ಹಳೆಯ ಚಿತ್ರ ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟುಕೊಂಡು ನೋಡಿದರು.

“ಇಷ್ಟ ಚಂದ ಅಧ್ಯಾಯ,” ಅಂದರು. “ನಾಲ್ಕ ಮಂದಿ ಮುಂದ ಹೇಳಿ ಹಾರ್‍ಯಾಡೇನಿ ನಾನು.”

“ತಪ್ಪಾತ್ರಿ ಸರ್.”

“ಇದನ್ನ ಬಿಟ್ರ ಪ್ರಬಂಧ ನಿಲ್ಲತೈತೇನು?”

“ಗೊತ್ತಿಲ್ಲರಿ.”

ಸರ್ ಕಿಟಕಿಯ ಕಡೆ ನೋಡಿದರು. ಬೇವಿನ ಗಿಡದಿಂದ ನೀರು ತೊಟ್ಟಿಕ್ಕುತ್ತಿತ್ತು. “ನನಗೂ ಗೊತ್ತಿಲ್ಲ. ದೀಪಾವಳಿ ಬಂತು, ಹೋಗು, ಬರಿ,” ಅಂದರು.

ಬರೆದಳು. ನಡುವೆ ಮಾನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂದು, ಆಕೆಯ ಅತ್ತೆ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಮುಟ್ಟಗೊಡಲೇ ಇಲ್ಲ. “ಅತ್ತಿ, ಒಂದ ತಾಸ ಬಿಡ್ರಿ,” ಅಂತ ಶಶಿ ಕೈಕಾಲು ಹಿಡಿದರೂ, “ವರ್ಷಪೂರ್ತಿ ದುಡದೈತಿ ಪಾಪ, ಒಂದ ದಿನಾ ಕುಂಡರಲಿ,” ಅಂದರು. ಅವತ್ತು ಶಶಿ ಕಾಗದದ ಮೇಲೆ ಬರೆದಳು, ನಾನು ಅಲ್ಲೇ ತಿದ್ದಿದೆ. ಹೊಸ ಐದನೆಯ ಅಧ್ಯಾಯ ತೀರ ತೆಳ್ಳಗಾಗಿತ್ತು. ನಾಲ್ಕೂ ಬಾವಿ ಒಂದೇ ಅಮಾಸಿಗೆ ಏರುತ್ತವೆ, ಆದ್ದರಿಂದ ಒಂದೊಂದು ಬಾವಿಯೂ ತನ್ನ ಮೇಲೆ ಬಿದ್ದ ಮಳೆಯಿಂದಲೇ ತುಂಬುತ್ತಿರಬೇಕು, ಪಡುವಣದ ನೀರಿಗೆ ಕಾಯುವುದಿಲ್ಲ. ಇಷ್ಟೇ ಅದರ ಸಾರ. ದೀಪಾವಳಿಯ ಹಟ್ಟಿ ಅಮಾಸಿಗೆ ಎಣ್ಣೆ ಕಾಯುವ ಮೊದಲು ಪ್ರಬಂಧ ಧಾರವಾಡ ಮುಟ್ಟಿತು. ಒಪ್ಪುವರೋ ಬಿಡುವರೋ ಯಾರಿಗೂ ತಿಳಿಯದು.

ಮುಂದಿನ ಬೇಸಿಗೆಗೆ ಮೌಖಿಕ ಪರೀಕ್ಷೆ. ಬೇರೆ ಊರಿನಿಂದ ಬಂದ ಪರೀಕ್ಷಕರು, ತೆಳ್ಳಗೆ, ಮಾತು ಕಡಿಮೆ. ನಾನು ಗೈಡ್ ಸರ್ ಪಕ್ಕದಲ್ಲಿ ಕೂತಿದ್ದೆ. ಪರೀಕ್ಷಕರು ಮೊದಲ ನಾಲ್ಕು ಅಧ್ಯಾಯಗಳ ಮೇಲೆ ಸಣ್ಣಪುಟ್ಟದ್ದು ಕೇಳಿ ಐದನೆಯದಕ್ಕೆ ಬಂದರು. ಚಿತ್ರದ ಮೇಲೆ ಪೆನ್ಸಿಲ್ ಇಟ್ಟರು.

“ಈ ಮೂರು ಗೆರೆ ಇಲ್ಲಿ ಯಾಕೆ ತುಂಡಾಗಿವೆ?”

“ಆ ಅಮಾಸಿಯ ಅಳತಿ ಇಲ್ಲರಿ ಸರ್.”

“ಅದು ಕಾಣುತ್ತದೆ. ಆಚೆ ಈಚೆ ಅಂಕಿ ಇವೆಯಲ್ಲ, ಎರಡು ತುದಿ ಜೋಡಿಸುವುದು ಎಷ್ಟು ಹೊತ್ತಿನ ಕೆಲಸ?”

“ಹೊತ್ತ ಹಿಡಿಯೂದಿಲ್ಲರಿ. ಲೇಟೆಕ್ಕಿಗೆ ಒಂದ ಮಾತ ಹೇಳಿದ್ರ ಜೋಡಸತೈತಿ.”

“ಮತ್ತೆ ಯಾಕೆ ಹೇಳಲಿಲ್ಲ?”

ಶಶಿ ಸೆರಗು ಸರಿಮಾಡಿಕೊಂಡಳು. “ಅವತ್ತ ಆ ಮೂರೂ ಬಾವಿ ಯಾರೂ ಇಣುಕಿ ನೋಡಿಲ್ಲರಿ ಸರ್. ಹೊಲಕ್ಕ ಹೋಗಿದ್ರು. ಬಿತ್ತಿಗಿ ನಡದಿತ್ತು.”

ಪರೀಕ್ಷಕರು ಪುಟ ಮಗುಚಲಿಲ್ಲ. ಚಿತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಬರೆದು ಪರೀಕ್ಷಕರು ತಲೆ ಎತ್ತಿದರು.

“ಬಿತ್ತನೆ ನಡೆದಿತ್ತು ಎನ್ನುವುದು ಪ್ರಬಂಧದಲ್ಲಿ ಎಲ್ಲೂ ಇಲ್ಲ. ಗ್ರಂಥಾಲಯಕ್ಕೆ ಕೊಡುವ ಪ್ರತಿಯಲ್ಲಿ, ಈ ಚಿತ್ರದ ಕೆಳಗೆ, ಅದೊಂದು ಸಾಲು ಸೇರಿಸಿ, ಡಾಕ್ಟರ್ ಶಶಿಕಲಾ.”

ಆಕೆ ‘ಹೂಂನ್ರಿ’ ಅಂದಳು. ತನ್ನ ಪ್ರತಿ ತೆರೆದು, ಚಿತ್ರದ ಕೆಳಗೆ ಆ ಸಾಲನ್ನು ಪೆನ್ನಿನಿಂದ ಅಲ್ಲೇ ಬರೆದುಕೊಂಡಳು.